ಚಂದ್ರಕುಂಭ ಮತ್ತು ಅದರ ಅನುಕರಣ

ಕೊರಿಯಾದ ಮೃತ್ಕಲೆಯಲ್ಲಿ ಗೊರ್ಯೊ ಅರಸರ ಕಾಲದ ಹಸಿರು ಪಾತ್ರೆಗಳು ತಮ್ಮ ವರ್ಣಲಾವಣ್ಯಕ್ಕಾಗಿಯೂ, ಮಣ್ಣಿನಲ್ಲಿ ಕೊರೆದು ಬೇರೆ ಮಣ್ಣನ್ನು ತುಂಬಿದ ಕುಸುರಿಗಾಗಿಯೂ ಪ್ರಖ್ಯಾತವಾಗಿದ್ದರೂ, ಇಂದಿನ ನಾನಾ ದೇಶಗಳ ಕುಶಲಿಗಳನ್ನು ಹೆಚ್ಚಾಗಿ ಆಕರ್ಷಿಸಿರುವುದು ಚೊಸೊನ್ ಅರಸರ ಆಳ್ವಿಕೆಯಲ್ಲಿ, 17ನೆಯ ಶತಮಾನದ ಉತ್ತರಾರ್ಧದಿಂದ ಮುಂದಿನ ಶತಮಾನದವರೆಗೆ ಅರಮನೆಯ ಆವಿಗೆಗಳಲ್ಲಿ ಬೆಂದು ಬಂದ, ಚಿತ್ರವಾಗಲಿ ರೇಖೆಯಾಗಲಿ ಇಲ್ಲದ, ಶುಭ್ರವಾದ, ದೊಡ್ಡ ಗೋಳಾಕಾರದ ಚಂದ್ರಕುಂಭ.

ಪಿಂಗಾಣಿಯ ಬಿಳಿಮಣ್ಣು ತಿಗರಿಯ ಮೇಲೆ ಅಷ್ಟು ದೊಡ್ಡ ಗೋಳವಾಗಿ ನಿಲ್ಲಲಾರದೆ ಕುಸಿಯುವುದರಿಂದ, ಕುಂಬಾರನು ಎರಡು ಬೋಗುಣಿಗಳನ್ನು ಬೇರೆಬೇರೆಯಾಗಿ ಎತ್ತಿ, ಹದವಾಗಿ ಆರಿದ ಮೇಲೆ ಬಾಯಿಗೆ ಬಾಯಿ ಕೂಡಿಸಿ, ಕೂಡಿದ ಅಂಚನ್ನು ಸವರಿ, ವರ್ಣರಹಿತವಾದ ಲೇಪವನ್ನು ಕೊಟ್ಟು ಸುಡುತ್ತಿದ್ದನು. ಪ್ರಖರವಾದ ತಾಪದಲ್ಲಿ ಮಣ್ಣು ಮೆತ್ತಗಾಗಿ ಕುಗ್ಗುವಾಗ ಒಡಲು ಆ ಸಂಧಿಯ ಬಳಿ ತುಸು ಓರೆಯಾಗುವುದುಂಟು. ಪೂರ್ಣವೃತ್ತವನ್ನು ಅರಸಿದ ಹಸ್ತದ ಶ್ರಮವೂ ಅಗ್ನಿಯ ಸ್ವಭಾವವೂ ಆ ಓರೆಯಲ್ಲಿ ಒಟ್ಟಿಗೆ ವ್ಯಕ್ತವಾಗುವುದೇ ಈ ಕುಂಭದ ಸೌಂದರ್ಯದ ಮರ್ಮವೆಂದು ನನ್ನ ಅಭಿಪ್ರಾಯ.

ಜಪಾನಿನ ಕಲಾಚಿಂತಕ ಯಾನಾಗಿ ಸೋಯೆತ್ಸು ಅವರು ಕೊರಿಯಾದ ಕಲೆಯ ಶ್ವೇತವರ್ಣದಲ್ಲಿಯೂ ರೇಖೆಯಲ್ಲಿಯೂ ಶೋಕವನ್ನು ಕಂಡರು. ಪರಾಧೀನವಾಗಿದ್ದ ಆ ನಾಡಿನ ಕಲೆಯನ್ನು ಲೋಕವು ಆದರದಿಂದ ನೋಡುವಂತೆ ಮಾಡಿದ ಅವರ ಉಪಕಾರವು ದೊಡ್ಡದೇ ಸರಿ. ಆದರೆ ಈ ಧವಳತೆಯು ಮಿತವ್ಯಯವನ್ನೂ ಸಂಯಮವನ್ನೂ ಸದ್ಗುಣವೆಂದು ಎಣಿಸಿದ ಕನ್‌ಫ್ಯೂಷಿಯನ್ ಸಮಾಜದ ಪ್ರಜ್ಞಾಪೂರ್ವಕವಾದ ಅಭಿರುಚಿಯಾಗಿದ್ದಿತೆಂಬುದನ್ನು ನೆನೆದರೆ, ಅದನ್ನು ದುಃಖದ ಕುರುಹೆನ್ನುವುದು ಯುಕ್ತವಾಗಿ ತೋರುವುದಿಲ್ಲ. ಇಂಗ್ಲೆಂಡಿನ ಕುಂಬಾರ ಬರ್ನಾರ್ಡ್ ಲೀಚ್ 1935ರಲ್ಲಿ ಸಿಯೋಲ್ ನಗರದಲ್ಲಿ ಕೊಂಡು, ಅನಂತರ ಮೃತ್ಕಲಾವಿದೆ ಲೂಸಿ ರೀ ಅವರ ವಶಕ್ಕೆ ಒಪ್ಪಿಸಿದ, ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಕುಂಭದ ತುಂಬಿದ ಒಡಲಿನಲ್ಲಿ ಶೋಕಕ್ಕಿಂತ ನೆಮ್ಮದಿಯೇ ಎದ್ದು ಕಾಣುತ್ತದೆ.

ಆಧುನಿಕ ಅನುಕರಣದಲ್ಲಿ ನನಗೆ ಕಾಣುವ ಮುಖ್ಯ ದೋಷವೂ ಇಂಥ ತಪ್ಪು ಗ್ರಹಿಕೆಯಿಂದಲೇ ಹುಟ್ಟಿದ್ದು. ಸರಾಗವಾಗಿ ತಿರುಗಿ ಬಂದ ಪಾತ್ರೆಯನ್ನು ಬೆರಳಿನಿಂದ ಅದುಮಿ ಸೊಟ್ಟಗೆ ಮಾಡಿ, ಅದನ್ನು ಕೊರಿಯಾದ ಸಹಜತೆಯೆಂದು ಮಂಡಿಸುವವರು ಫಲವನ್ನು ಕಂಡು ಸಾಧನೆಯನ್ನು ಮರೆತವರು. ಉದ್ದೇಶಪೂರ್ವಕವಾದ ವಕ್ರತೆಯು ಬೇರೊಂದು ಬಗೆಯ ಅಲಂಕಾರವೇ ಹೊರತು ಸಹಜತೆಯಲ್ಲ. ಇದಕ್ಕೆ ಪ್ರತಿಯಾಗಿ, ಎರಡು ಬೋಗುಣಿಗಳನ್ನು ಸಮವಾಗಿ ಎತ್ತಿ ಬಿರುಕಿಲ್ಲದೆ ಕೂಡಿಸುವ ಶಿಕ್ಷಣವನ್ನು ತಾಳ್ಮೆಯಿಂದ ಪಡೆದವರ ಕೃತಿಗಳು ಅಳತೆಯಲ್ಲಿ ಚಿಕ್ಕವಾದರೂ ಮೂಲದ ಗಾಂಭೀರ್ಯಕ್ಕೆ ಸಮೀಪವಾಗಿ ನಿಲ್ಲುತ್ತವೆ. ಆದುದರಿಂದ ಈ ಪರಂಪರೆಯಿಂದ ಸ್ಫೂರ್ತಿ ಪಡೆಯಬಯಸುವವರು ಚಂದ್ರಕುಂಭದ ಓರೆಯನ್ನು ಅನುಕರಿಸದೆ, ಅದನ್ನು ಮಾಡಿದವರ ಶಿಸ್ತನ್ನು ಅಭ್ಯಾಸ ಮಾಡತಕ್ಕದ್ದು.