ಸಾಣೇಹಳ್ಳಿಯ ರಂಗ ಮತ್ತು ಸರದಿ ಬಾರದ ವಚನಗಳು

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಮಠ ಮತ್ತು ರಂಗಭೂಮಿ ಬೇರೆಬೇರೆಯಲ್ಲ. ಸಿರಿಗೆರೆಯ ತರಳಬಾಳು ಮಠದ ಶಿವಕುಮಾರ ಶಿವಾಚಾರ್ಯ ಸ್ವಾಮೀಜಿ ‘ಮರಣವೇ ಮಹಾನವಮಿ’ ನಾಟಕವನ್ನು ತಾವೇ ಬರೆದು ಶರಣರನ್ನು ವೇದಿಕೆಗೆ ತಂದವರು. ಅವರ ಹೆಸರಿನ ಕಲಾಸಂಘವನ್ನು ಸಾಣೇಹಳ್ಳಿಯ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ 1987ರಲ್ಲಿ ಕಟ್ಟಿದರು. 1997ರಲ್ಲಿ ಹುಟ್ಟಿದ ಶಿವಸಂಚಾರ ತಂಡ ನಾಟಕಗಳನ್ನು ಹೊತ್ತು ವರ್ಷವರ್ಷವೂ ನಾಡು ಸುತ್ತುತ್ತಿದೆ. ಪುಸ್ತಕದ ಅಂಗಡಿಯೇ ಇಲ್ಲದ ಊರಿನಲ್ಲೂ ಅಲ್ಲಮ, ಅಕ್ಕ ಜನರ ಕಿವಿಗೆ ಬಿದ್ದದ್ದು ಹೀಗೆ. ಇದು ಸಣ್ಣ ಕೆಲಸವಲ್ಲ.

ಈ ಪರಂಪರೆಯಲ್ಲಿ ನನಗೆ ಬಹಳ ಹಿಡಿಸಿದ್ದು 2019ರ ಆಗಸ್ಟಿನ ‘ಮತ್ತೆ ಕಲ್ಯಾಣ’ ಅಭಿಯಾನ. ಜಿಲ್ಲೆ ಜಿಲ್ಲೆಗೂ ಹೋಗಿ, ಮೊದಲು ವಿದ್ಯಾರ್ಥಿಗಳ ಪ್ರಶ್ನೆಗೆ ಕಿವಿಗೊಟ್ಟು, ಸಂಜೆ ಸಭೆ, ಆಮೇಲೆ ನಾಟಕ. ಯೆಹೂದಿಗಳ ಪೆಸಾಖ್ ಹಬ್ಬದ ರಾತ್ರಿಯೂ ಹೀಗೆಯೇ: ಊಟದ ಪಂಕ್ತಿಯಲ್ಲಿ ಎಲ್ಲರಿಗಿಂತ ಚಿಕ್ಕ ಮಗು ಪ್ರಶ್ನೆ ಕೇಳುತ್ತದೆ, ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ಕಥೆಯನ್ನು ಹಿರಿಯರು ಅದಕ್ಕೆ ಉತ್ತರವಾಗಿ ಹೇಳುತ್ತಾರೆ. ಕೇಳುವವರಿದ್ದರೆ ತಾನೆ ಧರ್ಮಕ್ಕೆ ಮಾತು?

ಆದರೆ ಯೆಹೂದಿಗಳ ಇನ್ನೊಂದು ಶಿಸ್ತು ನಮ್ಮಲ್ಲಿಲ್ಲ. ಅವರು ತಮ್ಮ ಧರ್ಮಗ್ರಂಥವಾದ ತೋರಾವನ್ನು 54 ಭಾಗ ಮಾಡಿಕೊಂಡು ಶನಿವಾರ ಶನಿವಾರ ತಮ್ಮ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ಸರದಿಯಂತೆ ಓದುತ್ತಾರೆ. ವರ್ಷಕ್ಕೆ ಮುಗಿಯುತ್ತದೆ, ಸಿಮ್ಹಾತ್ ತೋರಾ ಹಬ್ಬದಂದು ಕೊನೆಯ ಸಾಲು ಓದಿ, ಅಲ್ಲೇ ಮೊದಲ ಸಾಲಿಗೆ ಮರಳುತ್ತಾರೆ. ಯಾವುದನ್ನೂ ಬಿಡುವಂತಿಲ್ಲ. ತೋರಾದ ಯಾಜಕಕಾಂಡದಲ್ಲಿ ಚರ್ಮದ ಕಾಯಿಲೆ, ಮನೆಯ ಗೋಡೆಗೆ ಹಿಡಿಯುವ ಬೂಷ್ಟು ಇವುಗಳ ಕಟ್ಟಳೆಗಳಿವೆ. 13 ತುಂಬಿದ ಹುಡುಗ ಪ್ರಾಯಕ್ಕೆ ಬಂದನೆಂದು ಆಚರಿಸುವ ಬಾರ್ ಮಿಟ್ಸ್ವಾ ಆ ಭಾಗ ಓದುವ ವಾರವೇ ಬಿದ್ದರೆ, ಪಾಪ, ಅವನು ಸಾಮಾನ್ಯವಾಗಿ ಅದರ ಮೇಲೆಯೇ ಮಾತಾಡಬೇಕು. ಹೀಗೆ ತಿಣುಕಾಡಿಯೇ ಅವರ ವ್ಯಾಖ್ಯಾನ ಪರಂಪರೆ ಬೆಳೆದಿದೆ.

ನಮ್ಮ ವಚನಗಳು 20 ಸಾವಿರಕ್ಕೂ ಹೆಚ್ಚು. ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದರು, ಮುಂದೆ ಎಂ.ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಸರ್ಕಾರವೇ 15 ಸಂಪುಟ ಅಚ್ಚು ಹಾಕಿಸಿತು. ಹಾಗಿದ್ದೂ ಚಿತ್ರದುರ್ಗ, ಹೊಳಲ್ಕೆರೆ, ಹಿರಿಯೂರಿನ ಸಭೆಗಳಲ್ಲಿ ಕಿವಿಗೆ ಬೀಳುವುದು ಮತ್ತೆ ಮತ್ತೆ ಅವೇ ವಚನಗಳು. ಆಡಂಬರ ಬೇಡ, ಕಾಯಕ ಮಾಡು, ಜಾತಿ ಬಿಡು ಎನ್ನುವಂಥವು. ಒಪ್ಪಿಕೊಳ್ಳುವುದು ಸುಲಭ, ಚಪ್ಪಾಳೆಯೂ ಬೀಳುತ್ತದೆ. ಒಗಟಿನಂಥ ಬೆಡಗಿನ ವಚನಗಳು, ಕೆಳಜಾತಿಯ ವಚನಕಾರರ ಒರಟು ಸಿಟ್ಟು, ಒಬ್ಬ ಶರಣ ಇನ್ನೊಬ್ಬನನ್ನು ತಿವಿದ ಮಾತು ಇವೆಲ್ಲ ಸಂಪುಟದೊಳಗೇ ಉಳಿಯುತ್ತವೆ. ರಂಗವೂ ಈ ದೋಷದಿಂದ ಪೂರ್ತಿ ಪಾರಾಗಿಲ್ಲ: ನಾಟಕಕ್ಕೆ ಕಥೆ ಬೇಕು, ಕಥೆಗೆ ಒಗ್ಗುವ ವಚನವಷ್ಟೇ ವೇದಿಕೆ ಏರುತ್ತದೆ.

ಸರದಿಯ ಓದಿಗೆ ಬೇಕಾದದ್ದು ನಮ್ಮಲ್ಲೂ ಇದೆ: ಊರೂರಿಗೆ ಸರಿಯುವ ತರಳಬಾಳು ಹುಣ್ಣಿಮೆ ಮಹೋತ್ಸವ ಒಂಬತ್ತು ದಿನ ನಡೆಯುತ್ತದೆ. ಸಾಣೇಹಳ್ಳಿಗೆ ನಟರಿದ್ದಾರೆ, ಗಾಯಕರಿದ್ದಾರೆ. ಮೊದಲ ಸಂಪುಟದ ಮೊದಲ ಪುಟದಿಂದ ಹಿಡಿದು, ಆರಿಸದೆ, ಬಿಡದೆ ವಾರಕ್ಕಿಷ್ಟು ಎಂದು ಓದತೊಡಗಿದರೆ ಹಲವು ವರ್ಷ ಹಿಡಿಯಬಹುದು, ಹಿಡಿಯಲಿ. ನಿರ್ಲಜ್ಜೇಶ್ವರ ಅಂಕಿತದ ಸೂಳೆ ಸಂಕವ್ವೆಯದು ನಮಗೆ ಸಿಕ್ಕಿರುವುದು ಒಂದೇ ವಚನ. ಬಸವಣ್ಣನವರಷ್ಟೇ ಖಾತ್ರಿಯಾಗಿ ಆಕೆಗೂ ಒಂದು ಸಂಜೆ ಸಿಗಬೇಕು, ಆ ವಚನದ ಮುಂದೆ ಸ್ವಾಮಿಗಳೂ ಪ್ರಾಧ್ಯಾಪಕರೂ ಕೂತು ಜನರ ಪ್ರಶ್ನೆಗೆ ಉತ್ತರಿಸಬೇಕು.