ಕಲಾವಿದನ ಒಂದು ಪುಟ

ಟಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿ, ಕೇಶವ ದೇವಾಲಯದ ಹೊರಗೋಡೆಯ ವಿಗ್ರಹಗಳ ಪೀಠವನ್ನು ನೋಡುತ್ತ ಬಂದರೆ ಮಲ್ಲಿತಮ್ಮನೆಂಬ ಹೆಸರು ಮತ್ತೆ ಮತ್ತೆ ಸಿಗುತ್ತದೆ. 13ನೆಯ ಶತಮಾನದ ಆ ರೂವಾರಿ ಅಲ್ಲಿ ಬರೆದಿಟ್ಟುದು ಬರಿಯ ಹೆಸರು. ಅಷ್ಟಾದರೂ ಬರೆದನಲ್ಲ! ನಂಜನಗೂಡಿನ ಗುಡಿಯಲ್ಲಿ ಅರವತ್ತಮೂವರು ಪುರಾತನರ ಕಥೆ ಹೇಳುವವರಿದ್ದಾರೆ. ಕಡೆದ ಕೈಯ ಮಾತು ಬರುವುದೇ ಅಪರೂಪ.

ಇಂದಿನ ಚಿತ್ರಕಾರನಾದರೋ ಪ್ರದರ್ಶನದ ಪುಸ್ತಿಕೆಗೆಂದು ಒಂದು ಪುಟ ಬರೆದುಕೊಡಲೇಬೇಕು. ಈ ಎರಡು ಊರುಗಳ ಕಲಾವಿದ ಮಿತ್ರರು ಅಂಥ ಬರಹವನ್ನು ತಿದ್ದಿಕೊಡಿರೆಂದು ನನಗೆ ತೋರಿಸುವುದುಂಟು. ಅದರಲ್ಲಿ ಅಸ್ತಿತ್ವವಿರುತ್ತದೆ, ಅನಂತವಿರುತ್ತದೆ. ಚಿತ್ರ ಮಾತ್ರ ಇರುವುದಿಲ್ಲ. ಆ ಪದಗಳೆಲ್ಲ ವಿಮರ್ಶಕರಾದ ನಾವು ಮಾಡಿದ ದಾನ. ಆದ್ದರಿಂದ ತಿದ್ದುವ ಮೊದಲು ಕೇಳುತ್ತೇನೆ: ಈ ಹಸಿರಿಗೆ ಏನು ಬೆರೆಸಿದಿರಿ? ಬರೆದು ಅಳಿಸಿದ್ದೇನು? ಕೈ ಎಲ್ಲಿ ತಡೆಯಿತು? ಅವರು ಬಾಯಲ್ಲಿ ಹೇಳಿದ್ದನ್ನೇ ಬರೆದರೆ ಪುಟ ತುಂಬುತ್ತದೆ, ಸೊಗಸಾಗಿಯೂ ಇರುತ್ತದೆ.

ಹೊಯ್ಸಳರ ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದಮೇಲೆ ಗಡುಸು. ಆ ಕುಸುರಿಗೆ ಇದೂ ಒಂದು ಕಾರಣವೆಂದು ಇಂದು ಕಲ್ಲನ್ನು ಬಲ್ಲ ವಿದ್ವಾಂಸರು ಹೇಳುತ್ತಾರೆ. ಮಲ್ಲಿತಮ್ಮ ಇನ್ನೆರಡು ಸಾಲು ಬರೆದಿದ್ದರೆ, ಯಾವ ಹದದಲ್ಲಿ ಉಳಿ ಇಟ್ಟನೆಂಬುದನ್ನು ಅವನಿಂದಲೇ ತಿಳಿಯಬಹುದಾಗಿತ್ತು.