ಅಂಜೂರಕ್ಕೆ ಒಪ್ಪುವ ಕರಾರು, ಎಣ್ಣೆಗೆ ಒಪ್ಪದು

ಗೋಕಾಕದ ಕರದಂಟನ್ನು ಮುರಿದು ಬಾಯಿಗಿಟ್ಟರೆ ಮೊದಲು ತುಪ್ಪದಲ್ಲಿ ಕರಿದ ಅಂಟು, ಬೆಲ್ಲ, ಒಣಕೊಬ್ಬರಿಯ ರುಚಿ. ಆಮೇಲೆ ಹಲ್ಲಿಗೆ ಸಣ್ಣಗೆ ಸಿಗುವುದು ಅಂಜೂರದ ಬೀಜ. ನಮ್ಮ ಪೇಟೆಯ ಒಣ ಅಂಜೂರ ಬಹುಪಾಲು ಅಫ್ಘಾನಿಸ್ತಾನದ್ದು. 2003ರಲ್ಲಿ ಭಾರತ ಆ ದೇಶದೊಂದಿಗೆ ಒಪ್ಪಂದ ಮಾಡಿಕೊಂಡು ಒಣಹಣ್ಣುಗಳ ಸುಂಕ ಇಳಿಸಿತು. ದಕ್ಷಿಣ ಏಷ್ಯಾದ ಮುಕ್ತ ವ್ಯಾಪಾರ ಒಪ್ಪಂದ, ಅಂದರೆ 2006ರಲ್ಲಿ ಜಾರಿಗೆ ಬಂದ ‘ಸಾಫ್ಟಾ’ದೊಳಕ್ಕೂ ಅಫ್ಘಾನಿಸ್ತಾನ ಆಮೇಲೆ ಸೇರಿತು. ಅಲ್ಲಿಯ ತೋಟದವನಿಗೆ ಗಿರಾಕಿ ಸಿಕ್ಕ, ಇಲ್ಲಿಯ ಕರದಂಟಿನವರಿಗೆ ಮಾಲು ಸಿಕ್ಕಿತು. ಒಪ್ಪಂದ ಅಂದರೆ ಹೀಗಿರಬೇಕು.

ಅದೇ ಸಾಫ್ಟಾವನ್ನು ಹುಕ್ಕೇರಿಯ ಸೋಯಾಬೀನ್ ಹೊಲದಲ್ಲಿ ನಿಂತು ನೋಡಿದರೆ ನನಗೆ ಸಿಟ್ಟು ಬರುತ್ತದೆ.

2024ರ ಸೆಪ್ಟೆಂಬರ್‌ನಲ್ಲಿ, ಸುಗ್ಗಿಯ ಹೊಸ್ತಿಲಲ್ಲಿ, ಕೇಂದ್ರ ಸರಕಾರ ಶುದ್ಧೀಕರಿಸಿದ ಸೋಯಾ ಎಣ್ಣೆಯ ಮೂಲ ಸುಂಕವನ್ನು ಶೇ. 32.5ಕ್ಕೆ, ಕಚ್ಚಾ ಎಣ್ಣೆಯದನ್ನು ಶೇ. 20ಕ್ಕೆ ಏರಿಸಿತು. ರೈತನಿಗೆ ಬೆಲೆ ಸಿಗಲಿ ಎಂಬುದೇ ಉದ್ದೇಶ. ಆದರೆ ಸಾಫ್ಟಾದಡಿ ನೇಪಾಳದ ಎಣ್ಣೆಗೆ ಸುಂಕವಿಲ್ಲ. ನೇಪಾಳದಲ್ಲಿ ಸೋಯಾ ಬೆಳೆಯುವುದು ತೀರ ಕಡಿಮೆ. ಅಲ್ಲಿಯ ಗಿರಣಿಗಳು ಅರ್ಜೆಂಟೀನಾ, ಬ್ರೆಜಿಲ್ ಕಡೆಯ ಕಚ್ಚಾ ಎಣ್ಣೆ ತರಿಸಿ, ಶುದ್ಧ ಮಾಡಿ, ನಮ್ಮ ಗಡಿ ದಾಟಿಸಿದವು. ಸುಂಕ ಏರಿದಷ್ಟೂ ಆ ದಾರಿಯ ಲಾಭ ಏರಿತು. ಹಿಂದುಳಿದ ಸದಸ್ಯ ದೇಶಗಳ ಸರಕಿಗೆ ಶೇ. 30ರಷ್ಟು ಮೌಲ್ಯ ಅಲ್ಲಿಯೇ ಸೇರಿರಬೇಕೆಂಬ ನಿಯಮವೇನೋ ಇದೆ. ಆದರೆ ಬೀಜ ಯಾವ ನೆಲದಲ್ಲಿ ಮೊಳೆಯಿತು ಎಂದು ಆ ನಿಯಮ ಕೇಳುವುದಿಲ್ಲ. ನನ್ನ ತಕರಾರು ಇದೊಂದೇ: ಬೆಳೆದವನಿಗೆ ಸಲ್ಲಬೇಕಾದ ರಿಯಾಯಿತಿ ಸಾಗಿಸಿದವನ ಪಾಲಾಗಿದೆ.

ಆ ವರ್ಷ ಸೋಯಾದ ಬೆಂಬಲ ಬೆಲೆ ಕ್ವಿಂಟಲ್‌ಗೆ 4,892 ರೂಪಾಯಿ. ಪೇಟೆಯ ದರ ಅದರ ಕೆಳಗೇ ಉಳಿಯಿತು. ಎಲ್ಲ ತಪ್ಪನ್ನೂ ನೇಪಾಳದ ಎಣ್ಣೆಯ ತಲೆಗೆ ಕಟ್ಟಲಾಗದು; ಹಿಂಡಿಯ ಬೆಲೆಯೂ ಕುಸಿದಿತ್ತು. ಆದರೂ ರೈತನಿಗಾಗಿ ಕಟ್ಟಿದ ಒಡ್ಡಿಗೆ ಬಗಲಲ್ಲೇ ತೂತು ಬಿಡುವುದು ಎಂಥ ನೀತಿ? 2025ರ ಮೇ ಕೊನೆಗೆ ಕಚ್ಚಾ ಎಣ್ಣೆಯ ಸುಂಕವನ್ನು ಸರಕಾರವೇ ಶೇ. 10ಕ್ಕೆ ಇಳಿಸಿತು. ನೇಪಾಳದ ದಾರಿಯ ಆಕರ್ಷಣೆ ಅದರಿಂದ ತಗ್ಗಿರಬಹುದು, ಒಡ್ಡೂ ತಗ್ಗಿತು.

ಮೂಡಲಗಿಯ ಗೋವಿನಜೋಳದ ಕತೆ ಇಷ್ಟು ಸರಳವಲ್ಲ. ಬಡ ದೇಶಗಳಿಗೆ ಕೊಟ್ಟ ವಿನಾಯಿತಿಯಲ್ಲಿ ಮ್ಯಾನ್ಮಾರ್‌ನಿಂದ ಸುಂಕವಿಲ್ಲದೆ ಬರುವ ಗೋವಿನಜೋಳ ಅಲ್ಲಿಯ ರೈತನೇ ಬೆವರು ಸುರಿಸಿ ಬೆಳೆದದ್ದು. ಅವನನ್ನು ತಡೆಯಿರಿ ಎನ್ನಲು ನನಗೆ ಬಾಯಿ ಬರದು. ನಮ್ಮ ರಾಶಿಯ ತಿಂಗಳಲ್ಲಿ ಮಾತ್ರ ಆ ವಿನಾಯಿತಿಗೆ ಮಿತಿ ಇರಲಿ ಎನ್ನುತ್ತೇನೆ. ಎಣ್ಣೆಯ ವಿಷಯದಲ್ಲಿ ಆ ಸಂಕೋಚವಿಲ್ಲ: ಬೀಜವೂ ಕಳಿಸುವ ದೇಶದ್ದೇ ಆಗಿದ್ದರೆ ಮಾತ್ರ ಸುಂಕ ಬಿಡಬೇಕು.

ರಾಶಿಯ ತಿಂಗಳು ಎಂದದ್ದಕ್ಕೆ ಕಾರಣವಿದೆ. ಪೇಟೆಯಲ್ಲಿ ಅಡತಿಯವ ಚೀಲಕ್ಕೆ ಕೈಹಾಕಿ ಒಂದು ಕಾಳು ತೆಗೆದು ಹಲ್ಲಲ್ಲಿ ಕಡಿಯುತ್ತಾನೆ. ಕಟ್ ಎಂದು ಒಡೆಯದಿದ್ದರೆ ‘ಹಸಿ ಐತಿ’ ಎಂದು ದರ ಇಳಿಸುತ್ತಾನೆ. ಮಳೆಯನ್ನೇ ನಂಬಿದ ರೈತ ಒಣಗಿಸಿ, ಕಾಯ್ದು ಮಾರಲಾರ. ಬೀಜ ಗೊಬ್ಬರದ ಬಾಕಿ ತೀರಬೇಕು, ಹಿಂಗಾರಿಗೆ ಕಡಲೆ ಬಿತ್ತಬೇಕು. ಅವತ್ತು ಸಿಕ್ಕ ದರಕ್ಕೇ ಚೀಲ ತೂಕಕ್ಕೆ ಹೋಗುತ್ತದೆ.